ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ಟೆನ್ಸ್ ಮಷಿನ್: ಬಳ್ಳಾರಿಯಿಂದ ಒಂದು ರಿವ್ಯೂ

ಎರಡು ಚಾನೆಲ್, ನಾಲ್ಕು ಪ್ಯಾಡ್, ಸೊಂಟಕ್ಕೆ ಸಿಕ್ಕಿಸಿಕೊಳ್ಳೋಕೆ ಒಂದು ಕ್ಲಿಪ್. ಇದು ನನ್ನ ಟೆನ್ಸ್ ಮಷಿನ್, ಚರ್ಮಕ್ಕೆ ಅಂಟಿಸಿದ ಪ್ಯಾಡಿನಿಂದ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಡಬ್ಬಿ. ಬಳ್ಳಾರಿಯ ಒಂದು ಸರ್ಜಿಕಲ್ ಅಂಗಡಿಯಲ್ಲಿ 2,800 ರೂಪಾಯಿಗೆ ತಂದಿದ್ದು, ವರ್ಷದ ಮೇಲಾಯಿತು. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು, ಸುಸ್ತು ಬಿಡದೆ ಕಾಡುವ ಕಾಯಿಲೆ, ಇರುವವರು ಇದನ್ನು ತಗೋಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿಕೊಂಡು ಓಡಾಡುತ್ತೀರಿ, ವ್ಯಾಯಾಮ ಮಾಡುತ್ತೀರಿ ಅಂದರೆ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಾಕಿಕೊಂಡು ಮಲಗುತ್ತೀರಿ ಅಂದರೆ ಆ ದುಡ್ಡು ಉಳಿಸಿಕೊಳ್ಳಿ.

ಕಂಪನಿ ಹೆಸರು ಬರೆಯುತ್ತಿಲ್ಲ. ಇಂಥದ್ದೇ ಡಬ್ಬಿ, ಇಂಥವೇ ಗುಂಡಿಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಯಾವುದನ್ನು ತಗೊಂಡರೂ ಏನು ನೋಡಬೇಕು, ಹೇಗೆ ಬಳಸಬೇಕು ಅನ್ನುವುದೇ ಮುಖ್ಯ.

ನಾನು ಜೀನ್ಸ್ ಹೊಲಿಯುವವಳು. ಮನೆ ಮುಂದಿನ ಶೆಡ್ಡಿನಲ್ಲಿ ಕೆಲವು ಮಷಿನ್ ಹಾಕಿಕೊಂಡಿದ್ದೇವೆ. ಕಟಿಂಗ್ ಆದ ಬಂಡಲ್ ಬರುತ್ತದೆ, ಪೀಸ್ ಲೆಕ್ಕದಲ್ಲಿ ಹೊಲಿದು ಕೊಡುತ್ತೇವೆ. ಈ ಕೆಲಸ ಮಾಡುವವರಲ್ಲಿ ಕತ್ತು ನೋವು, ಸೊಂಟ ನೋವು ಇಲ್ಲದವರನ್ನು ನಾನು ನೋಡಿಲ್ಲ. ಅದಕ್ಕೇ ನನ್ನ ನೋವನ್ನೂ ಎಲ್ಲರೂ ಅದೇ ಲೆಕ್ಕಕ್ಕೆ ಹಾಕಿದರು. ಆದರೆ ನೋವು ಕತ್ತಿನಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ, ತೊಡೆಗೆ, ಕೊನೆಗೆ ಅಂಗೈಗೂ ಬಂತು. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗುವಾಗ ಇದ್ದದ್ದಕ್ಕಿಂತ ಜಾಸ್ತಿ ಸುಸ್ತು. ಬಂಡಲ್ ನಂಬರ್ ಬಾಯಲ್ಲಿ ಹೇಳಿಕೊಂಡೇ ಹೋದರೂ ಟೇಬಲ್ ತಲುಪುವಷ್ಟರಲ್ಲಿ ಮರೆತಿರುತ್ತಿದ್ದೆ. ಮಗಳು ಹಿಂದಿನಿಂದ ಬಂದು ಪ್ರೀತಿಯಿಂದ ಭುಜ ಹಿಡಿದರೂ ಕಣ್ಣಲ್ಲಿ ನೀರು ಬರುತ್ತಿತ್ತು.

ನನಗಿರುವ ಈ ಫೈಬ್ರೊಮಯಾಲ್ಜಿಯಾ ರಕ್ತದಲ್ಲಿ ಕಾಣುವುದಿಲ್ಲ, ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಥೈರಾಯ್ಡ್, ವಿಟಮಿನ್ ಡಿ, ಸಂಧಿವಾತದ ಪರೀಕ್ಷೆ ಎಲ್ಲ ಮಾಡಿಸುವುದು ಬೇರೆ ಕಾರಣ ಇದೆಯಾ ಅಂತ ನೋಡೋಕೆ. 1990ರಲ್ಲಿ ಅಮೆರಿಕದ ರುಮಟಾಲಜಿ (ಕೀಲು, ಸ್ನಾಯು ನೋವಿನ) ಡಾಕ್ಟರುಗಳ ಸಂಸ್ಥೆ ಮೈಮೇಲೆ 18 ಜಾಗ ಗುರುತು ಮಾಡಿ, ಒತ್ತಿದಾಗ ಕನಿಷ್ಠ 11 ಕಡೆ ನೋಯಬೇಕು ಅಂತ ಹೇಳಿತ್ತು. 2010ರಲ್ಲಿ ಆ ಕ್ರಮ ಬಿಟ್ಟು, ಮೈಯ ಎಷ್ಟು ಭಾಗದಲ್ಲಿ ನೋವಿದೆ, ನಿದ್ದೆ ಹೇಗೆ, ಸುಸ್ತು ಎಷ್ಟು, ಮರೆವು ಎಷ್ಟು ಅಂತ ಕೇಳಿ ಅಂಕ ಹಾಕುವ ಕ್ರಮ ಬಂತು. ನನ್ನ ಡಾಕ್ಟರು ಒತ್ತಿಯೂ ನೋಡಿದರು, ಕೂರಿಸಿಕೊಂಡು ಒಂದೊಂದನ್ನೇ ಕೇಳಿಯೂ ಬರೆದುಕೊಂಡರು. "ನಿಮ್ಮ ನೋವು ನಿಜ. ನರಗಳು ನೋವಿನ ಸುದ್ದಿಯನ್ನ ಇರೋದಕ್ಕಿಂತ ದೊಡ್ಡದು ಮಾಡಿ ಮೆದುಳಿಗೆ ಮುಟ್ಟಿಸ್ತಿವೆ" ಅಂದರು. "ನಿಮಗೇನೂ ಇಲ್ಲಮ್ಮ" ಅನ್ನುವ ಮಾತನ್ನೇ ಕೇಳಿ ಕೇಳಿ ಬೇಸತ್ತಿದ್ದ ನನಗೆ ಅವತ್ತು ಮನೆಗೆ ಬರುವಾಗ ಎಷ್ಟು ಹಗುರವಾಗಿತ್ತು ಅಂತ ಹೇಳಲಾರೆ.

ಮೊದಲು ಹೋದ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಪರದೆ ಹಿಂದಿನ ಮಂಚದ ಮೇಲೆ ಮಲಗಿಸಿ, ಬೆನ್ನಿಗೆ ಪ್ಯಾಡ್ ಹಚ್ಚಿ, ಕರೆಂಟ್ ಕೊಟ್ಟು ಹೋಗುತ್ತಿದ್ದರು. ಹದಿನೈದು ನಿಮಿಷಕ್ಕೆ ಗಂಟೆ ಹೊಡೆದರೆ ಮುಗಿಯಿತು. ಸಲಕ್ಕೆ 300 ರೂಪಾಯಿ. ಮಲಗಿದ್ದಾಗ ಹಾಯಾಗಿರುತ್ತಿತ್ತು, ಆಟೋ ಇಳಿದು ಮನೆ ಮೆಟ್ಟಿಲು ಹತ್ತುವಾಗ ನೋವು ವಾಪಸ್. ನಡೀರಿ, ಕೈಕಾಲು ಆಡಿಸಿ ಅಂತ ಅಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಒಬ್ಬರನ್ನು ಮಲಗಿಸಿ ಇನ್ನೊಬ್ಬರನ್ನು ಒಳಗೆ ಕರೆಯೋದು ಸುಲಭ. ಪಕ್ಕದಲ್ಲಿ ನಿಂತು ವ್ಯಾಯಾಮ ಮಾಡಿಸೋಕೆ ಸಮಯ ಬೇಕು. ನನ್ನಂಥ ಎಷ್ಟು ಹೆಂಗಸರು ಹೀಗೆ ಕೂಲಿ ದುಡ್ಡು ಸುರಿದು ಬಂದಿದ್ದಾರೋ ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಸಿಕ್ಕ ಫಿಸಿಯೋ ಮೇಡಂ ಮೊದಲ ದಿನವೇ ಮಂಚ ಹತ್ತಿಸಲಿಲ್ಲ. ನಿಂತಂತೆಯೇ ಪ್ಯಾಡ್ ಹಚ್ಚಿದರು, ಡಬ್ಬಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. "ಅಕ್ಕಾ, ಇದನ್ನ ಹಾಕ್ಕೊಂಡೇ ನಡೀರಿ. ನೋವು ಹತ್ತಕ್ಕೆ ಎಷ್ಟಿದೆ ಅಂತ ನಡೀತಾ ನಡೀತಾನೇ ಹೇಳಿ" ಅಂದರು. ಕ್ಲಿನಿಕ್ ಮುಂದಿನ ಪ್ಯಾಸೇಜಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದೆ. ಕೂತಾಗ ನಾಲ್ಕು ಇದ್ದ ನೋವು ನನಗೆ ನಡೆದರೆ ಯಾವಾಗಲೂ ಏಳಕ್ಕೆ ಹೋಗುತ್ತಿತ್ತು. ಅವತ್ತು ಐದಕ್ಕೆ ನಿಂತಿತು.

ಮೇಡಂ ಹೀಗೆ ಮಾಡಿಸಿದ್ದಕ್ಕೆ ಆಧಾರ ಇದೆ. ಅಮೆರಿಕದ ಐಯೋವಾ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಫೈಬ್ರೊಮಯಾಲ್ಜಿಯಾ ಇರುವ 301 ಹೆಂಗಸರ ಮೇಲೆ ಮಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಗಿದೆ. ನರ್ಸಿಂಗ್ ಓದುವ ಮಗಳು ನನಗೆ ಅದನ್ನು ಓದಿ ಹೇಳಿದಳು. ಒಂದು ಗುಂಪಿಗೆ ನಿಜವಾದ ಟೆನ್ಸ್, ಇನ್ನೊಂದು ಗುಂಪಿಗೆ ನೋಡೋಕೆ ಮಾತ್ರ ಹಾಗಿರುವ ನಕಲಿ ಟೆನ್ಸ್, ಮೂರನೆಯವರಿಗೆ ಏನೂ ಇಲ್ಲ. ದಿನಕ್ಕೆ ಎರಡು ಗಂಟೆ, ಅದೂ ಓಡಾಡುವಾಗ, ಕೆಲಸ ಮಾಡುವಾಗ ಹಾಕಿಕೊಳ್ಳಬೇಕು. ನಾಲ್ಕು ವಾರ ಆದಮೇಲೆ ಆರು ನಿಮಿಷ ನಡೆಸಿ, ನಡೆಯುವಾಗಿನ ನೋವನ್ನು ಕೇಳಿದರು. ನಿಜವಾದ ಟೆನ್ಸ್ ಹಾಕಿಕೊಂಡವರಲ್ಲಿ ಆ ನೋವು ನಕಲಿಯವರಿಗಿಂತ ಹತ್ತಕ್ಕೆ ಸುಮಾರು ಒಂದು ಅಂಕ, ಏನೂ ಹಾಕದವರಿಗಿಂತ 1.8 ಅಂಕ ಜಾಸ್ತಿ ಇಳಿದಿತ್ತು. ನಡೆಯುವಾಗಿನ ಸುಸ್ತೂ ಇಳಿದಿತ್ತು. ಒಟ್ಟಾರೆ ಸುಧಾರಿಸಿದೆ ಅಂದವರು ನಿಜವಾದ ಟೆನ್ಸ್ ಗುಂಪಿನಲ್ಲಿ ನೂರಕ್ಕೆ 70, ನಕಲಿಯಲ್ಲಿ 31, ಏನೂ ಹಾಕದವರಲ್ಲಿ 9.

ಹತ್ತಕ್ಕೆ ಒಂದೋ ಎರಡೋ ಅಂಕ ಏನು ದೊಡ್ಡದು ಅಂತ ನೋವಿಲ್ಲದವರಿಗೆ ಅನ್ನಿಸಬಹುದು. ಏಳರ ನೋವಿನಲ್ಲಿ ನಾನು ಅಂಗಳ ದಾಟಲಾರೆ. ಐದರಲ್ಲಿ ಮೈದಾನ ಸುತ್ತುತ್ತೇನೆ.

ಇದು ಕೆಲಸ ಮಾಡುವ ಬಗೆಯನ್ನೂ ಮೇಡಂ ಹೇಳಿದರು. ಮೊಣಕೈ ಬಾಗಿಲಿಗೆ ಬಡಿದರೆ ತಕ್ಷಣ ಉಜ್ಜಿಕೊಳ್ತೀವಿ ಅಲ್ವಾ? ಉಜ್ಜಿದ ಸ್ಪರ್ಶ ದೊಡ್ಡ ನರಗಳಲ್ಲಿ ಬೇಗ ಹೋಗಿ, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಡೆಯುತ್ತದೆ. ಮೆಲ್‌ಝಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದನ್ನು ಗೇಟ್ ಸಿದ್ಧಾಂತ ಅಂತ ಮುಂದಿಟ್ಟರು. ಟೆನ್ಸ್ ಹುಟ್ಟಿದ್ದು ಅದರ ಬೆನ್ನಿಗೇ. ಇದರ ಜೊತೆಗೆ, ಮೈಯೊಳಗೇ ತಯಾರಾಗುವ ನೋವು ತಗ್ಗಿಸುವ ರಾಸಾಯನಿಕಗಳನ್ನೂ ಈ ಕರೆಂಟ್ ಹೊರಡಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೆ ದಿನಾ ಒಂದೇ ವೇಗ, ಒಂದೇ ಜೋರು ಇಟ್ಟರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಗುಣ ಕಮ್ಮಿಯಾಗುತ್ತದೆ. ಅದಕ್ಕೇ ವೇಗ ತಾನಾಗಿ ಬದಲಾಗುತ್ತಾ ಇರುವ ಮಾಡ್ಯುಲೇಶನ್ ಮೋಡ್ ಬೇಕು. ಆ ಅಧ್ಯಯನದಲ್ಲೂ ಸೆಕೆಂಡಿಗೆ 2ರಿಂದ 125 ಮಿಡಿತದವರೆಗೆ ಬದಲಾಗುವ ಹಾಗೆ ಇಟ್ಟಿದ್ದರು. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ.

ಎರಡನೆಯದು, ಅದು ನಿಜವಾಗಿ ಟೆನ್ಸೇನಾ ಅಂತ ನೋಡಿ. ಆನ್‌ಲೈನಿನಲ್ಲಿ ಮಸಾಜರ್ ಅಂತ ಮಾರುವ ಕೆಲವು ಇಎಂಎಸ್ ಮಷಿನ್‌ಗಳು. ಅವು ಸ್ನಾಯುವನ್ನು ಹಿಡಿದು ಬಿಡುತ್ತಾ ಕುಣಿಸುತ್ತವೆ. ಟೆನ್ಸ್‌ನಲ್ಲಿ ಚರ್ಮದ ಕೆಳಗೆ ಜುಮ್ ಜುಮ್ ಅನ್ನಬೇಕು, ಮಾಂಸ ಎಗರಬಾರದು.

ಮೂರನೆಯದು ಲಾಕ್ ಗುಂಡಿ. ನನ್ನ ಮಷಿನ್‌ನಲ್ಲಿ ಜೋರು ಹೆಚ್ಚಿಸುವ ಗುಂಡಿ ಡಬ್ಬಿಯ ಮೇಲ್ಭಾಗದಲ್ಲಿದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಹೊಟ್ಟೆಗೆ ಒತ್ತಿ ಒಮ್ಮೆಗೇ ಜೋರಾದರೆ ಜೀವ ಹಾರಿಹೋಗುತ್ತದೆ. ಲಾಕ್ ಇದ್ದರೆ ಆ ಕಾಟ ಇಲ್ಲ. ನಾಲ್ಕನೆಯದು ಟೈಮರ್. ನನ್ನದು ಅರ್ಧ ಗಂಟೆಗೆ ತಾನೇ ಆಫ್ ಆಗುತ್ತದೆ, ಮತ್ತೆ ಸೊನ್ನೆಯಿಂದ ಏರಿಸಿಕೊಂಡು ಬರಬೇಕು. ನಡಿಗೆ ಮಧ್ಯೆ ಇದು ಕಿರಿಕಿರಿ. ಟೈಮರ್ ತೆಗೆದುಹಾಕಬಹುದಾದ ಮಷಿನ್‌ಗಳೂ ಇವೆ. ಸಿಕ್ಕರೆ ಅದನ್ನೇ ತಗೊಳ್ಳಿ. ಬ್ಯಾಟರಿ ಚಾರ್ಜ್ ಆಗುವಂಥದ್ದೇ ಇರಲಿ, ಚೌಕದ ಒಂಬತ್ತು ವೋಲ್ಟ್ ಸೆಲ್ ಹಾಕುವುದಾದರೆ ಖರ್ಚು ನಿಲ್ಲುವುದಿಲ್ಲ.

ಇನ್ನು ಪ್ಯಾಡ್. ನಮ್ಮೂರಿನ ಬಿಸಿಲಲ್ಲಿ ಇದೇ ದೊಡ್ಡ ತಲೆನೋವು. ಎರಡು ಪ್ಯಾಡ್ ಬೆನ್ನಿನ ಮೇಲ್ಭಾಗಕ್ಕೆ, ಕತ್ತಿನ ಬುಡದ ಕೆಳಗೆ ಬೆನ್ನುಹುರಿಯ ಆಚೀಚೆ. ಇನ್ನೆರಡು ಸೊಂಟಕ್ಕೆ. ಮೇಲಿನವು ನನ್ನ ಕೈಗೆ ಸಿಗುವುದಿಲ್ಲ, ಅತ್ತೆಯೇ ಹಚ್ಚಿಕೊಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಬೆನ್ನು ಒರೆಸಿ, ಒಣಗಲು ಬಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಪ್ಯಾಡನ್ನು ಮೂಲೆ ಹಿಡಿದು ಬಿಡಿಸಿ, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಬರುತ್ತಾರೆ. ಒಂದೇ ಒಂದು ಗುಳ್ಳೆ ಉಳಿಯುವುದಿಲ್ಲ. ಶುರುವಿನಲ್ಲಿ "ಕರೆಂಟಿನ ಜೊತಿ ಆಟ ಬ್ಯಾಡವ್ವಾ" ಅಂತ ಹೆದರಿದ್ದವರು, ಈಗ ಬೆಳಿಗ್ಗೆ ನಾನು ಏಳುವ ಮುಂಚೆಯೇ ಡಬ್ಬಿ ಚಾರ್ಜ್ ಆಗಿದೆಯಾ ಅಂತ ನೋಡುತ್ತಾರೆ. ಎಣ್ಣೆ, ಪೌಡರ್ ಹಚ್ಚಿದ ಮೈಗೆ ಪ್ಯಾಡ್ ಕೂರುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಗೆ ಅಂಚು ಏಳುತ್ತದೆ. ಅಂಚು ಎದ್ದರೆ ಕರೆಂಟೆಲ್ಲ ಉಳಿದ ಚಿಕ್ಕ ಜಾಗದಲ್ಲೇ ಹೋಗಿ ಚುಚ್ಚುತ್ತದೆ, ಚರ್ಮ ಕೆಂಪಾಗುತ್ತದೆ. ಆಗ ಮೇಲೆ ಮೈಕ್ರೋಪೋರ್ ಟೇಪು ಅಂಟಿಸುತ್ತೇವೆ. ಅದೂ ನಿಲ್ಲದಿದ್ದರೆ ತೆಗೆದುಬಿಡಿ, ಚುಚ್ಚಿಸಿಕೊಂಡು ನಡೆಯಬೇಡಿ. ಅಂಟು ಕಮ್ಮಿಯಾದರೆ ಒಂದು ಹನಿ ನೀರು ಸವರಿದರೆ ಇನ್ನಷ್ಟು ದಿನ ಬರುತ್ತದೆ. ನಾಲ್ಕರ ಸೆಟ್ಟಿಗೆ 250 ರೂಪಾಯಿ ಕೊಡುತ್ತಿದ್ದೇನೆ, ಚಳಿಗಾಲದಲ್ಲಿ ತಿಂಗಳ ಮೇಲೆ ಬಾಳುವುದು ಬೇಸಿಗೆಯಲ್ಲಿ ಅರ್ಧಕ್ಕೇ ಹೋಗುತ್ತದೆ. ಮಷಿನ್ ರೇಟ್ ನೋಡಿ ತಗೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಷ್ಟು ಜೋರು ಇಡಬೇಕು ಅನ್ನುವುದನ್ನು ಪುಸ್ತಕ ನೋಡಿ ಕಲಿಯೋಕಾಗಲ್ಲ. ಚೆನ್ನಾಗಿ ಗೊತ್ತಾಗುವಷ್ಟು ಜೋರಾಗಿರಬೇಕು, ಆದರೆ ನೋಯಬಾರದು. ಸುಮ್ನೆ ಸಣ್ಣಗೆ ಗುಯ್ಗುಟ್ಟುವಷ್ಟು ಇಟ್ಟರೆ ಹಾಕಿಕೊಂಡೂ ಪ್ರಯೋಜನವಿಲ್ಲ. ಕೆಲವು ನಿಮಿಷಕ್ಕೆ ಜುಮ್ಮು ಕಮ್ಮಿಯಾದಂತೆ ಅನಿಸುತ್ತದೆ, ಆಗ ಒಂದು ಗುಂಡಿ ಏರಿಸಬೇಕು. ಇದನ್ನು ಮೇಡಂ ಪಕ್ಕದಲ್ಲಿ ನಿಂತು ಕಲಿಸಿದ್ದರಿಂದ ನನಗೆ ಕೈಗೆ ಬಂತು. ಅದಕ್ಕೇ ಹೇಳುತ್ತೇನೆ, ಮಷಿನ್ ಮನೆಗೆ ತಂದರೂ ಮೊದಮೊದಲು ಒಬ್ಬ ಒಳ್ಳೆಯ ಫಿಸಿಯೋ ಹತ್ತಿರ ಹೋಗಿಯೇ ಬಳಸಿ.

ಹೊಲಿಗೆ ಮಷಿನ್ ಮುಂದೆ ಕೂತಾಗ ಹಾಕಿಕೊಳ್ಳಬೇಡಿ. ಮೋಟಾರ್ ಮಷಿನ್ ನಡೆಸುವಾಗ, ಗಾಡಿ ಓಡಿಸುವಾಗ, ಸ್ನಾನಕ್ಕೆ ಹೋಗುವಾಗ ಟೆನ್ಸ್ ಬೇಡವೇ ಬೇಡ. ರೊಟ್ಟಿ ಬಡಿಯುವಾಗ ನನ್ನ ಭುಜ ತುಂಬಾ ನೋಯುತ್ತದೆ, ಆಗ ಹಾಕಿಕೊಳ್ಳಲಾ ಅಂತ ಕೇಳಿದ್ದೆ. ಉರಿಯುವ ಒಲೆ ಮುಂದೆ ಬೇಡಕ್ಕಾ ಅಂದರು ಮೇಡಂ. ನಾನು ಹಾಕಿಕೊಳ್ಳುವುದು ಬೆಳಗಿನ ನಡಿಗೆಗೆ, ವ್ಯಾಯಾಮಕ್ಕೆ, ಮಧ್ಯಾಹ್ನ ಪ್ಯಾಂಟಿನ ದಾರ ಕತ್ತರಿಸುತ್ತಾ ನಿಂತು ಚೆಕಿಂಗ್ ಮಾಡುವಾಗ.

ವ್ಯಾಯಾಮದ ಬಗ್ಗೆ ಹೇಳದಿದ್ದರೆ ಈ ರಿವ್ಯೂ ಅರ್ಧ. ಯುರೋಪಿನ ರುಮಟಾಲಜಿ ಸಂಸ್ಥೆ ಯುಲಾರ್ 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ, ಫೈಬ್ರೊಮಯಾಲ್ಜಿಯಾಕ್ಕೆ ಬಲವಾಗಿ ಹೇಳಿದ್ದು ಒಂದನ್ನೇ, ವ್ಯಾಯಾಮ. ಮಾತ್ರೆಗಳಿಗೂ ಆ ಜಾಗ ಕೊಟ್ಟಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಿತು: ಇಂಥ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ, ಗುಣ ಅಂತ ತೋರಿಸುವ ಪುರಾವೆ ಇಲ್ಲ, ವ್ಯಾಯಾಮ ಮಾಡಿಸಿ. ಐಯೋವಾದವರ ಅಧ್ಯಯನ ಒಂದು ಮಾತು ಹೇಳುತ್ತದೆ, ನೈಸ್ ಇನ್ನೊಂದು ಹೇಳುತ್ತದೆ. ಎರಡನ್ನೂ ಓದಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಔಷಧಿ ವ್ಯಾಯಾಮವೇ. ಆದರೆ ನಡೆದರೆ ನೋಯುತ್ತದೆ ಅಂತ ಹೆದರಿ ಕೂತವಳಿಗೆ ನಡೀರಿ ಅಂತ ಬಾಯಲ್ಲಿ ಹೇಳಿದರೆ ಸಾಕಾಗುವುದಿಲ್ಲ. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಡಬ್ಬಿ.

ಶುರು ಮಾಡಿದ್ದು ಐದು ನಿಮಿಷದ ನಡಿಗೆಯಿಂದ. ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ: ಮೈ ಹಗುರ ಇದ್ದ ದಿನ ಜಾಸ್ತಿ ನಡೆಯಬಾರದು, ನೋವಿದ್ದ ದಿನ ಪೂರ್ತಿ ಬಿಡಬಾರದು. ನಮ್ಮಂಥವರು ಒಳ್ಳೆಯ ದಿನ ಸಿಕ್ಕರೆ ಬಾಕಿ ಕೆಲಸವನ್ನೆಲ್ಲ ಅವತ್ತೇ ಮುಗಿಸೋಕೆ ಹೋಗಿ, ಆಮೇಲೆ ಎರಡು ದಿನ ಏಳೋಕಾಗದೆ ಮಲಗುತ್ತೇವೆ. ಅದನ್ನು ತಪ್ಪಿಸೋಕೆ ಗಡಿಯಾರ ನೋಡಿ ನಡೆಯಬೇಕು, ಮನಸ್ಸು ನೋಡಿ ಅಲ್ಲ. ಆ ಐದು ನಿಮಿಷವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಈಗ ಮುನ್ಸಿಪಲ್ ಮೈದಾನದಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮುಂಚೆಯೇ ಮುಗಿಸಬೇಕು, ಇಲ್ಲದಿದ್ದರೆ ಪ್ಯಾಡೂ ನಿಲ್ಲುವುದಿಲ್ಲ, ನಾನೂ ನಿಲ್ಲುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಶಕ್ತಿಯ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈಯನ್ನು ಮುಂದೆ ಹಿಂದೆ ಮಾಡುವುದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು. ಮೊದಲ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚಿತು. ಹಾಗಾಗುತ್ತೆ ಅಂತ ಮೊದಲೇ ಹೇಳಿದ್ದರಿಂದ ಬಿಟ್ಟು ಓಡಲಿಲ್ಲ.

ಏನೇನು ಸುಧಾರಿಸಿದೆ ಅಂದರೆ, ನಡೆಯುವಾಗಿನ ನೋವು ಇಳಿದಿದೆ. ನಿಂತು ಮಾಡುವ ಕೆಲಸ ಜಾಸ್ತಿ ಹೊತ್ತು ಮಾಡಬಲ್ಲೆ. ಹಿಂದೆಲ್ಲ ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ಮನೆಯವರನ್ನು ಕಳಿಸಿ ನಾನು ಒಬ್ಬಳೇ ಮನೆಯಲ್ಲಿ ಉಳಿಯುತ್ತಿದ್ದೆ. ಈ ಸಲ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ, ಸೆರಗು ಮುಚ್ಚಿಕೊಂಡು, ಆ ಜನದ ನಡುವೆ ನಿಂತು ಕಣ್ತುಂಬ ನೋಡಿದೆ. ನಿದ್ದೆ ಅಷ್ಟಕ್ಕಷ್ಟೇ ಸುಧಾರಿಸಿದೆ, ಅದಕ್ಕೆ ಕಾರಣ ನಡಿಗೆ ಅಂತ ನನಗನಿಸುತ್ತದೆ. ಮರೆವು ಹಾಗೇ ಇದೆ. ಡಾಕ್ಟರು ಕೊಟ್ಟ ರಾತ್ರಿಯ ಮಾತ್ರೆ ಈಗಲೂ ತಗೊಳ್ಳುತ್ತೇನೆ, ಅವರನ್ನು ಕೇಳದೆ ನಿಲ್ಲಿಸಿಲ್ಲ. ಮಷಿನ್ ತೆಗೆದ ಮೇಲೆ ಅದರ ಗುಣ ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಹೋಗುತ್ತದೆ. ಕಾಯಿಲೆ ವಾಸಿ ಮಾಡುತ್ತೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಲೇಬಾರದು. ಗರ್ಭಿಣಿಯರು, ಮೂರ್ಛೆ ರೋಗ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಕತ್ತಿನ ಮುಂಭಾಗಕ್ಕೆ, ಗಾಯ ಆದ ಚರ್ಮಕ್ಕೆ, ಸ್ಪರ್ಶ ಗೊತ್ತಾಗದ ಜಾಗಕ್ಕೆ ಪ್ಯಾಡ್ ಹಚ್ಚಬಾರದು. ಇದೆಲ್ಲ ಡಬ್ಬಿ ಜೊತೆ ಬಂದ ಪುಸ್ತಕದಲ್ಲಿದೆ, ಆದರೆ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸೋಕೆ ಎಷ್ಟು ಖರ್ಚಾದೀತು? ಮಾರುವವರು ಇದನ್ನು ಮಾಡಲೇಬೇಕು. ನಮ್ಮ ಶೆಡ್ಡಿನಲ್ಲಿ ಇನ್ನೊಬ್ಬರಿಗೂ ಇದೇ ಕಾಯಿಲೆ ಇದೆ ಅಂತ ಗೊತ್ತಾದಾಗ ಮಗಳ ಹತ್ತಿರ ಕೂತು ಕನ್ನಡದಲ್ಲಿ ಬರೆಸಿ ಕೊಟ್ಟೆ.

ತಗೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಜೊತೆ ಪ್ಯಾಡನ್ನು ಮುಂಗೈಗೆ ಹಾಕಿಸಿ ನೋಡಿ. ಗುಂಡಿ ಒಂದೊಂದೇ ಹೆಜ್ಜೆ ಏರಬೇಕು, ಜಿಗಿಯಬಾರದು. ಎರಡೂ ಚಾನೆಲ್ ನಡೆಯುತ್ತಿವೆಯಾ ನೋಡಿ, ವೈರು ಡಬ್ಬಿಗೆ ಸೇರುವ ಜಾಗವನ್ನು ಅಲ್ಲಾಡಿಸಿ ನೋಡಿ, ಮೊದಲು ಕೆಡುವುದು ಅಲ್ಲೇ. ನನ್ನದರಲ್ಲಿ ಒಂದು ವೈರು ಅಲ್ಲೇ ಲೂಸ್ ಆಗಿ ಬದಲಾಯಿಸಬೇಕಾಯಿತು. ಪ್ಯಾಡ್, ವೈರು ಬಿಡಿಯಾಗಿ ಅದೇ ಅಂಗಡಿಯಲ್ಲಿ ಸಿಗುತ್ತಾ ಅಂತಲೂ ಕೇಳಿಕೊಳ್ಳಿ. ಹಾಕಿ ತೋರಿಸೋಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.